ಹಳೆಯ ಗೇಮ್, ಹೊಸ ಕಂಪ್ಯೂಟರ್: ನಿಮಗೆ ಯಾವ ದಾರಿ?

"ಡಾಸ್‌ಬಾಕ್ಸ್ ಸಾಕಾ, ವರ್ಚುವಲ್ ಮಷೀನ್ ಬೇಕಾ, ಇಲ್ಲಾ ದುಡ್ಡು ಕೊಟ್ಟು ಹೊಸ ಆವೃತ್ತಿಯನ್ನೇ ಕೊಂಡುಬಿಡಲಾ?" ಹಳೆಯ ಗೇಮ್‌ಗಳನ್ನು ಮತ್ತೆ ಆಡಲು ಹೊರಟವರು ಮೊದಲು ಕೇಳುವುದು ಇದನ್ನೇ. ಡಾಸ್‌ಬಾಕ್ಸ್ ಅಂದರೆ ಹಳೆಯ ಡಾಸ್ ಗೇಮ್‌ಗಳನ್ನು ಓಡಿಸುವ ಸಾಫ್ಟ್‌ವೇರ್, ವರ್ಚುವಲ್ ಮಷೀನ್ ಅಂದರೆ ನಿಮ್ಮ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಹುಡುಕಿದರೆ ಹತ್ತಾರು ಹೆಸರು ಸಿಗುತ್ತವೆ. ಒಬ್ಬರು ಒಂದನ್ನು ಹೊಗಳುತ್ತಾರೆ, ಇನ್ನೊಬ್ಬರು ಅದರಿಂದ ಏನೂ ಆಗಲ್ಲ ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಒಬ್ಬರ ಕೈಲಿದ್ದದ್ದು 1992ರ ಗೇಮ್, ಇನ್ನೊಬ್ಬರದ್ದು 1999ರದ್ದು. ಆ ಏಳು ವರ್ಷಗಳಲ್ಲಿ ಪಿಸಿಯ ಒಳಗೆ ಎಲ್ಲವೂ ಬದಲಾಗಿತ್ತು.

ಹಾಗಾಗಿ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳುವ ಮೊದಲು ನಿಮ್ಮ ಗೇಮ್ ಯಾವ ಕಾಲದ್ದು ಅಂತ ನೋಡಿಕೊಳ್ಳಿ. ಮುಕ್ಕಾಲು ಪಾಲು ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಗೇಮ್‌ನ ವಯಸ್ಸು. ಇದನ್ನು ಮೂರು ಕಾಲಗಳಾಗಿ ನೋಡಿದರೆ ಸಾಕು. 1980ರ ದಶಕದಿಂದ ಸುಮಾರು 1996ರವರೆಗಿನ ಹೆಚ್ಚಿನ ಗೇಮ್‌ಗಳು ಡಾಸ್‌ನವು, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುತ್ತಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್‌ನವು. ಅಲ್ಲಿಂದ 2001ರ ಆಚೀಚೆಯವರೆಗಿನವು ವಿಂಡೋಸ್ 95 ಮತ್ತು 98ಕ್ಕೆ ಮಾಡಿದವು. ಆಮೇಲಿನವು ವಿಂಡೋಸ್ ಎಕ್ಸ್‌ಪಿ ಕಾಲದವು. ಡಬ್ಬದ ಹಿಂಬದಿಯಲ್ಲಿ ಏನು ಬೇಕು ಅಂತ ಬರೆದಿರುತ್ತದೆ. ಡಬ್ಬ ಇಲ್ಲದಿದ್ದರೆ ಫೋಲ್ಡರ್ ತೆರೆದು ನೋಡಿ. ಡಾಸ್4ಜಿಡಬ್ಲ್ಯೂ ಎಂಬ ಫೈಲ್ ಕಂಡರೆ ಅದು 90ರ ದಶಕದ ಡಾಸ್ ಗೇಮ್, ಅನುಮಾನವೇ ಬೇಡ. ಸೌಂಡ್ ಕಾರ್ಡ್ ಆರಿಸಲೆಂದೇ ಬೇರೆ ಸೆಟಪ್ ಫೈಲ್ ಇದ್ದರೂ ಅದು ಹೆಚ್ಚಾಗಿ ಡಾಸ್‌ನದ್ದೇ.

ಎರಡನೆಯದು, ನಿಮ್ಮ ಕೈಲಿ ಏನಿದೆ. ಮೂಲ ಸಿಡಿ ಇದೆಯಾ, ಯಾವತ್ತೋ ಕಾಪಿ ಮಾಡಿಟ್ಟ ಫೋಲ್ಡರ್ ಮಾತ್ರ ಇದೆಯಾ, ಅಥವಾ ಬರೀ ನೆನಪು ಇದೆಯಾ? ಮೂರಕ್ಕೂ ದಾರಿ ಬೇರೆ. ಗೇಮ್ ಹಳೆಯದಾಗಿದೆ, ಈಗ ಯಾರೂ ಮಾರುತ್ತಿಲ್ಲ ಅಂದಮಾತ್ರಕ್ಕೆ ಅದರ ಹಕ್ಕು ಹೋಗಿರುವುದಿಲ್ಲ ಎನ್ನುವುದೂ ನೆನಪಿರಲಿ.

ಮೂರನೆಯದು ನಿಮ್ಮ ಸಮಯ. ಒಂದು ಸಂಜೆ ಆಡಿ ಮುಗಿಸುವ ಆಸೆಯಾ, ಅಥವಾ ಸೆಟ್ಟಿಂಗ್ ತಿದ್ದುವುದರಲ್ಲೂ ಖುಷಿ ಸಿಗುತ್ತದಾ? ನಾಲ್ಕನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ: ಗೇಮ್ ಅವತ್ತು ಹೇಗಿತ್ತೋ ಹಾಗೇ ಬೇಕಾ, ಅಥವಾ ಇವತ್ತಿನ ಅಗಲದ ಸ್ಕ್ರೀನ್‌ಗೆ ಹೊಂದಿಕೊಂಡು ಚೊಕ್ಕವಾಗಿ ಕಾಣಬೇಕಾ? ಕೊನೆಯದು ದುಡ್ಡು ಮತ್ತು ಕಂಪ್ಯೂಟರ್‌ನ ತಾಕತ್ತು. ಇಲ್ಲಿ ಹೇಳುವ ಹೆಚ್ಚಿನ ಸಾಫ್ಟ್‌ವೇರ್ ಉಚಿತ. ಖರ್ಚಾಗುವುದು ಸಮಯ.

ಇಷ್ಟಕ್ಕೂ ಯಾಕೆ ಓಡುವುದಿಲ್ಲ? ಡಾಸ್ ಗೇಮ್‌ಗಳಲ್ಲಿ ಹೆಚ್ಚಿನವು 16 ಬಿಟ್ ಕಾಲದ ರೀತಿಯವು (ಬಿಟ್ ಅಂದರೆ ಪ್ರೊಸೆಸರ್ ಒಮ್ಮೆಗೆ ಹಿಡಿಯುವ ಮಾಹಿತಿಯ ಅಳತೆ). ಸೌಂಡ್ ಕಾರ್ಡ್, ಸ್ಕ್ರೀನ್ ಎಲ್ಲವನ್ನೂ ನೇರವಾಗಿ ತಾವೇ ಮುಟ್ಟುತ್ತಿದ್ದವು. 32 ಬಿಟ್ ವಿಂಡೋಸ್‌ನಲ್ಲಿ ಇಂಥವನ್ನು ಸುಧಾರಿಸಿಕೊಳ್ಳಲು ಎನ್‌ಟಿವಿಡಿಎಂ ಎಂಬ ಭಾಗ ಇತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದಿಲ್ಲ, ವಿಂಡೋಸ್ 11 ಬಂದಿರುವುದು 64 ಬಿಟ್‌ನಲ್ಲಿ ಮಾತ್ರ. ಹಾಗಾಗಿ ಎಷ್ಟು ಸಲ ಡಬಲ್ ಕ್ಲಿಕ್ ಮಾಡಿದರೂ, ಕಂಪ್ಯಾಟಿಬಿಲಿಟಿ ಮೋಡ್ ಬದಲಿಸಿದರೂ ಡಾಸ್ ಗೇಮ್ ಅಲುಗಾಡುವುದಿಲ್ಲ. ಅದಕ್ಕೆ ಬೇರೆಯೇ ಮನೆ ಕಟ್ಟಿಕೊಡಬೇಕು.

ಡಾಸ್ ಗೇಮ್‌ಗೆ ಡಾಸ್‌ಬಾಕ್ಸ್, ಆದರೆ ಯಾವುದು?

ಆ ಮನೆಯೇ ಡಾಸ್‌ಬಾಕ್ಸ್. 2002ರಿಂದ ಇದೆ. ಹಳೆಯ ಪ್ರೊಸೆಸರ್, ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡ್, ಚಿತ್ರ ತೋರಿಸುವ ವಿಜಿಎ ಕಾರ್ಡ್ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ಅನುಕರಿಸುತ್ತದೆ. ತೀರಾ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ 90ರ ದಶಕದ ಮೊದಲರ್ಧದ ಗೇಮ್‌ಗಳು ಆರಾಮಾಗಿ ಓಡುತ್ತವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ.

ಮೂಲ ಡಾಸ್‌ಬಾಕ್ಸ್‌ನ 0.74-3 ಆವೃತ್ತಿ ಬಂದದ್ದು 2019ರಲ್ಲಿ. ಅದು ಇವತ್ತಿಗೂ ಕೆಲಸ ಮಾಡುತ್ತದೆ. ಆದರೆ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಅದರಿಂದಲೇ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್. ಯಾಕೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಆ ಕಾಲದ ಎಷ್ಟೋ ಗೇಮ್‌ಗಳ ಚಿತ್ರ 320 ಅಡ್ಡ, 200 ಉದ್ದದ ಚುಕ್ಕಿಗಳದ್ದು. ಅಂದಿನ ಮಾನಿಟರ್ ಅದನ್ನು 4:3ರ ಆಕಾರಕ್ಕೆ ಹಿಗ್ಗಿಸಿ ತೋರಿಸುತ್ತಿತ್ತು. ಅಂದರೆ ಒಂದೊಂದು ಚುಕ್ಕಿಯೂ ಅಗಲಕ್ಕಿಂತ ಶೇ. 20ರಷ್ಟು ಎತ್ತರ. ಚಿತ್ರ ಬಿಡಿಸಿದವರೂ ಅದನ್ನು ನೋಡಿಕೊಂಡೇ ಬಿಡಿಸಿದ್ದರು. ಇವತ್ತಿನ ಸ್ಕ್ರೀನ್‌ನ ಚುಕ್ಕಿಗಳು ಚೌಕ. ಹಾಗೇ ತೋರಿಸಿದರೆ ಪ್ರಿನ್ಸ್ ಆಫ್ ಪರ್ಷಿಯಾದ ರಾಜಕುಮಾರ ಕುಳ್ಳಗೆ ಕಾಣುತ್ತಾನೆ, ದುಂಡಗಿರಬೇಕಾದದ್ದು ಮೊಟ್ಟೆಯಾಗುತ್ತದೆ. ಮೂಲ ಡಾಸ್‌ಬಾಕ್ಸ್‌ನಲ್ಲಿ ಇದನ್ನು ಸರಿಪಡಿಸಲು ಕಾನ್ಫಿಗರೇಶನ್ ಫೈಲ್ ತೆರೆದು ಆಸ್ಪೆಕ್ಟ್ ಸೆಟ್ಟಿಂಗ್ ಆನ್ ಮಾಡಬೇಕು. ಸ್ಟೇಜಿಂಗ್‌ನಲ್ಲಿ ಅದು ಮೊದಲಿಂದಲೇ ಆನ್ ಇರುತ್ತದೆ. ಹಳೆಯ ಮಾನಿಟರ್‌ನ ಗೆರೆಗೆರೆ ಹೊಳಪನ್ನು ತರುವ ಶೇಡರ್‌ಗಳೂ, ಆ ಕಾಲದ ಗೇಮ್‌ಗಳ ಮಿಡಿ ಎಂಬ ಬಗೆಯ ಸಂಗೀತಕ್ಕೆ ಬೇಕಾದ ವ್ಯವಸ್ಥೆಯೂ ಅದರೊಳಗೇ ಇವೆ.

ವೇಗದ ವಿಷಯ ಸ್ವಲ್ಪ ಹೇಳಲೇಬೇಕು. 80ರ ದಶಕದ ಕೆಲವು ಗೇಮ್‌ಗಳು ಗಡಿಯಾರ ನೋಡಿ ಓಡುವುದಿಲ್ಲ, ಪ್ರೊಸೆಸರ್ ಎಷ್ಟು ವೇಗವಾಗಿದೆಯೋ ಅಷ್ಟೇ ವೇಗವಾಗಿ ಓಡುತ್ತವೆ. ಕೀ ಒತ್ತುವ ಮೊದಲೇ ಶತ್ರು ಬಂದು ಮುಗಿಸಿಬಿಡುತ್ತಾನೆ. ಇದಕ್ಕೇ ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್ ಎಂಬ ಲೆಕ್ಕ ಇದೆ. ಆಡುತ್ತಿರುವಾಗಲೇ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಕಡಿಮೆಯಾಗುತ್ತದೆ, ಎಫ್12 ಒತ್ತಿದರೆ ಜಾಸ್ತಿಯಾಗುತ್ತದೆ. ತೀರಾ ಹಳೆಯ ಗೇಮ್ ಆದರೆ 3000 ಸೈಕಲ್ಸ್‌ನಿಂದ ಶುರು ಮಾಡಿ. ಶಬ್ದ ತಡವರಿಸಿದರೆ ಏರಿಸಿ, ಪಾತ್ರಗಳು ಓಡೋಡಿ ಹೋದರೆ ಇಳಿಸಿ. ಗೇಮ್‌ನ ಸೌಂಡ್ ಸೆಟಪ್‌ನಲ್ಲಿ ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1 ಅಂತ ಕೊಟ್ಟರೆ ಡಾಸ್‌ಬಾಕ್ಸ್‌ನ ಸೌಂಡ್ ಬ್ಲಾಸ್ಟರ್ ಸಿಗುತ್ತದೆ. ಶಬ್ದ ಬರುತ್ತಿಲ್ಲ ಎನ್ನುವ ದೂರುಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿಯುತ್ತವೆ.

ಸ್ಟೇಜಿಂಗ್ ಎಲ್ಲರಿಗೂ ಸರಿ ಅಂತ ಅಲ್ಲ. ವಿಂಡೋಸ್ 3.1ರ ಗೇಮ್ ಆಡಬೇಕಾದರೆ, ಅಥವಾ ಒಳಗೇ ವಿಂಡೋಸ್ 95 ಹಾಕಿ ನೋಡಬೇಕಾದರೆ ಡಾಸ್‌ಬಾಕ್ಸ್ ಎಕ್ಸ್ ನೋಡಿ. ಅದರಲ್ಲಿ ಸೆಟ್ಟಿಂಗ್‌ಗಳು ಜಾಸ್ತಿ, ಕಲಿಯಲು ಹೊತ್ತು ಹಿಡಿಯುತ್ತದೆ. ಟಿವಿ ಮುಂದೆ ಕೂತು ಕಂಟ್ರೋಲರ್ ಹಿಡಿದು ಆಡುವವರಿಗೆ ಹಳೆಯ ಗೇಮ್‌ಗಳನ್ನು ಒಂದೇ ಕಡೆ ಓಡಿಸುವ ರೆಟ್ರೋಆರ್ಚ್ ಎಂಬ ಸಾಫ್ಟ್‌ವೇರ್ ಒಳಗೆ ಓಡುವ ಡಾಸ್‌ಬಾಕ್ಸ್ ಪ್ಯೂರ್ ಹಿಡಿಸುತ್ತದೆ. ಗೇಮ್‌ನ ಜಿಪ್ ಫೈಲನ್ನೇ ನೇರವಾಗಿ ತೆರೆಯುತ್ತದೆ, ಯಾವ ಕಮಾಂಡೂ ಟೈಪ್ ಮಾಡಬೇಕಿಲ್ಲ.

ಯಾವುದನ್ನೂ ಇನ್‌ಸ್ಟಾಲ್ ಮಾಡದೆ ಸುಮ್ನೆ ಒಂದು ಸಲ ನೋಡಬೇಕು ಅನ್ನಿಸಿದರೆ ಇಂಟರ್ನೆಟ್ ಆರ್ಕೈವ್‌ನ ಡಾಸ್ ಸಂಗ್ರಹದಲ್ಲಿ ಎಷ್ಟೋ ಗೇಮ್‌ಗಳು ಬ್ರೌಸರ್ ಒಳಗೇ ಓಡುತ್ತವೆ. ಸೇವ್ ಮಾಡಿದ್ದು ಉಳಿಯುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಉದ್ದದ ಗೇಮ್‌ಗೆ ಅದು ಜಾಗವಲ್ಲ.

ಗೇಮ್‌ನ ಇಂಜಿನ್ನನ್ನೇ ಬದಲಿಸುವುದು

ಈ ದಾರಿ ಎಲ್ಲ ಗೇಮ್‌ಗೂ ಇಲ್ಲ. ಇದ್ದರೆ ಮಾತ್ರ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇಲ್ಲಿ ಹಳೆಯ ಕಂಪ್ಯೂಟರ್ ಅನ್ನು ಅನುಕರಿಸುವ ಗೊಡವೆಯೇ ಇಲ್ಲ. ಗೇಮ್‌ನ ಚಿತ್ರ, ಸಂಗೀತ, ಮಾತು, ಹಂತಗಳು ಹಳೆಯವೇ. ಅವುಗಳನ್ನು ಓಡಿಸುವ ಪ್ರೋಗ್ರಾಂ ಮಾತ್ರ ಇಂದಿನ ಸಿಸ್ಟಮ್‌ಗೆ ಹೊಸದಾಗಿ ಬರೆದದ್ದು.

ಪಾಯಿಂಟ್ ಅಂಡ್ ಕ್ಲಿಕ್ ಸಾಹಸದ ಗೇಮ್‌ಗಳಿಗೆ ಸ್ಕಮ್‌ವಿಎಂ ಇದೆ. 2001ರಲ್ಲಿ ಲ್ಯೂಕಸ್‌ಆರ್ಟ್ಸ್‌ನ ಗೇಮ್‌ಗಳಿಗೆಂದು ಶುರುವಾದದ್ದು, ಆಮೇಲೆ ಸಿಯೆರ್ರಾ ಮೊದಲಾದ ಬೇರೆ ಕಂಪನಿಗಳ ಗೇಮ್‌ಗಳನ್ನೂ ಸೇರಿಸಿಕೊಂಡು ಬೆಳೆಯಿತು. ಗೇಮ್‌ನ ಫೋಲ್ಡರ್ ತೋರಿಸಿದರೆ ಯಾವ ಗೇಮ್, ಯಾವ ಆವೃತ್ತಿ ಅಂತ ಅದೇ ಗುರುತಿಸುತ್ತದೆ. ಸೈಕಲ್ಸ್ ಲೆಕ್ಕ ಇಲ್ಲ, ಐಆರ್‌ಕ್ಯೂ ಇಲ್ಲ. ಫೋನ್‌ನಲ್ಲೂ ಓಡುತ್ತದೆ. ನಿಮ್ಮ ಗೇಮ್ ಇದರ ಪಟ್ಟಿಯಲ್ಲಿದ್ದರೆ ಡಾಸ್‌ಬಾಕ್ಸ್ ಕಡೆ ತಿರುಗಿ ನೋಡಬೇಕಿಲ್ಲ. ರುಚಿ ನೋಡಬೇಕಾದರೆ 1994ರ ಬಿನೀತ್ ಎ ಸ್ಟೀಲ್ ಸ್ಕೈ ಎಂಬ ಗೇಮ್ ಸ್ಕಮ್‌ವಿಎಂ ಜಾಲತಾಣದಲ್ಲೇ ಉಚಿತವಾಗಿ, ಹಕ್ಕುದಾರರ ಒಪ್ಪಿಗೆಯಿಂದಲೇ ಸಿಗುತ್ತದೆ.

ಉಳಿದ ಬಗೆಯ ಗೇಮ್‌ಗಳಿಗೆ ಸೋರ್ಸ್ ಪೋರ್ಟ್ ಎನ್ನುವವು ಇವೆ, ಅಂದರೆ ಒಂದು ಗೇಮ್‌ನ ಇಂಜಿನ್ನನ್ನು ಇಂದಿನ ಸಿಸ್ಟಮ್‌ಗೆ ತಂದ ಪ್ರೋಗ್ರಾಂಗಳು. 1993ರ ಡೂಮ್ ಎಂಬ ಗೇಮ್‌ನ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಂನ ಮೂಲ ಬರಹವನ್ನು, ಐಡಿ ಸಾಫ್ಟ್‌ವೇರ್ 1997ರಲ್ಲಿ ಹೊರಗೆ ಬಿಟ್ಟಿತು. ಅಲ್ಲಿಂದ ಹುಟ್ಟಿದ ಪೋರ್ಟ್‌ಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಾಲ್ಕನೆಯ ಅಳತೆಗೋಲು ಯಾಕೆ ಬೇಕು ಅಂತ ತಿಳಿಯುತ್ತದೆ. ಚಾಕೊಲೇಟ್ ಡೂಮ್ 1993ರ ಗೇಮ್ ಹೇಗಿತ್ತೋ ಹಾಗೇ ಇಡುತ್ತದೆ. ಅದೇ 320×200ರ ಚಿತ್ರ, ಅದೇ ಮಿತಿಗಳು, ಹಳೆಯ ದೋಷಗಳೂ ಸಮೇತ. ಜಿಝಡ್‌ಡೂಮ್‌ನಲ್ಲಿ ಚಿತ್ರ ಇಂದಿನ ಸ್ಕ್ರೀನ್ ತುಂಬುತ್ತದೆ, ಮೌಸ್‌ನಿಂದ ಮೇಲೆ ಕೆಳಗೆ ನೋಡಬಹುದು, ಜನ ಮಾಡಿದ ಸಾವಿರಾರು ಮಾಡ್‌ಗಳನ್ನು, ಅಂದರೆ ಗೇಮ್ ಬದಲಿಸುವ ತುಣುಕುಗಳನ್ನು, ಹಾಕಬಹುದು. ಎರಡಕ್ಕೂ ಬೇಕಾಗುವುದು ನಿಮ್ಮ ಮೂಲ ಗೇಮ್‌ನ ಚಿತ್ರ, ಶಬ್ದ, ಹಂತಗಳೆಲ್ಲ ಇರುವ ವ್ಯಾಡ್ ಫೈಲ್ ಒಂದೇ. ಹಾಗಾಗಿ ಎರಡನ್ನೂ ಇಟ್ಟುಕೊಳ್ಳಬಹುದು. ಮೊದಲ ಸಲ ಆಡುವವರಿಗೆ ನಾನು ಚಾಕೊಲೇಟ್ ಡೂಮ್ ಹೇಳುತ್ತೇನೆ. ಆ ಕತ್ತಲೆ, ಆ ಇಕ್ಕಟ್ಟು ಆ ದಪ್ಪ ಚುಕ್ಕಿಗಳಲ್ಲೇ ಚೆನ್ನ.

ಇಂಥವು ಇನ್ನೂ ಇವೆ. ಟ್ರಾನ್ಸ್‌ಪೋರ್ಟ್ ಟೈಕೂನ್‌ಗೆ ಓಪನ್‌ಟಿಟಿಡಿ, ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2, ಮೊರೊವಿಂಡ್‌ಗೆ ಓಪನ್‌ಎಂಡಬ್ಲ್ಯೂ, ಡಯಾಬ್ಲೋಗೆ ಡೆವಿಲ್ಯೂಶನ್‌ಎಕ್ಸ್, ಡಾಸ್‌ನ ಪ್ರಿನ್ಸ್ ಆಫ್ ಪರ್ಷಿಯಾಕ್ಕೆ ಎಸ್‌ಡಿಎಲ್‌ಪಾಪ್. ಓಪನ್‌ಟಿಟಿಡಿಗಂತೂ ಮೂಲ ಗೇಮ್‌ನ ಫೈಲ್‌ಗಳೂ ಬೇಡ, ಚಿತ್ರ ಮತ್ತು ಶಬ್ದಗಳನ್ನು ಜನರೇ ಹೊಸದಾಗಿ ಮಾಡಿಕೊಟ್ಟಿದ್ದಾರೆ. ಯಾರೂ ಕೇಳದೆ, ಸಂಬಳವಿಲ್ಲದೆ, ವರ್ಷಗಟ್ಟಲೆ ಕೂತು ಇಷ್ಟೆಲ್ಲ ಮಾಡಿದವರ ಮೇಲೆ ನನಗೆ ತುಂಬಾ ಗೌರವ ಇದೆ.

ಕೊರತೆ ಒಂದೇ. ಕೆಲವು ಪೋರ್ಟ್‌ಗಳು ಅರ್ಧಕ್ಕೆ ನಿಂತಿರುತ್ತವೆ. ಇಳಿಸಿಕೊಳ್ಳುವ ಮೊದಲು ಕೊನೆಯ ಆವೃತ್ತಿ ಯಾವಾಗ ಬಂತು, ಗೇಮ್ ಕೊನೆಯವರೆಗೆ ಮುಗಿಯುತ್ತದಾ ಅಂತ ನೋಡಿಕೊಳ್ಳಿ.

ಕೊಂಡುಬಿಡುವುದು

ಸಮಯ ಇಲ್ಲದವರಿಗೆ ಇದೇ ಸರಿ. ಗಾಗ್ ಎಂಬ ಆನ್‌ಲೈನ್ ಅಂಗಡಿ 2008ರಲ್ಲಿ ಶುರುವಾದದ್ದೇ ಹಳೆಯ ಗೇಮ್‌ಗಳನ್ನು ಇಂದಿನ ವಿಂಡೋಸ್‌ನಲ್ಲಿ ಓಡುವಂತೆ ಮಾಡಿ ಮಾರಲು. ಡಾಸ್ ಗೇಮ್ ಕೊಂಡರೆ ಒಳಗೆ ಡಾಸ್‌ಬಾಕ್ಸೇ ಇರುತ್ತದೆ, ಸೆಟ್ಟಿಂಗ್‌ಗಳನ್ನು ಅವರೇ ಮಾಡಿಟ್ಟಿರುತ್ತಾರೆ. ಕಾಪಿ ಪ್ರೊಟೆಕ್ಷನ್ ಇಲ್ಲ. ಇನ್‌ಸ್ಟಾಲರ್ ಇಳಿಸಿಕೊಂಡು ನಿಮ್ಮದೇ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲೂ ಇಂಥ ಗೇಮ್‌ಗಳು ಬಹಳ ಇವೆ. ಆದರೆ ಸ್ಟೀಮ್ ಹಳೆಯ ವಿಂಡೋಸ್‌ಗಳನ್ನು ಕೈಬಿಡುತ್ತಾ ಬರುತ್ತದೆ. 2024ರ ಜನವರಿಯಿಂದ ವಿಂಡೋಸ್ 7 ಮತ್ತು 8ಕ್ಕೆ ಅದರ ಬೆಂಬಲ ಇಲ್ಲ. ಹಳೆಯ ಕಂಪ್ಯೂಟರ್‌ನಲ್ಲೇ ಆಡಬೇಕೆಂದಿರುವವರು ಇದನ್ನು ಗಮನಿಸಬೇಕು.

ಕೊಳ್ಳುವುದರಿಂದ ಇನ್ನೊಂದು ಲಾಭ ಇದೆ. ಹಾಳಾಗದ, ವೈರಸ್ ಇಲ್ಲದ, ಪೂರ್ತಿಯಾದ ಫೈಲ್‌ಗಳು ಕೈಗೆ ಬರುತ್ತವೆ. ಅವರು ಕೊಟ್ಟ ಡಾಸ್‌ಬಾಕ್ಸ್ ಸೆಟ್ಟಿಂಗ್ ಹಿಡಿಸದಿದ್ದರೆ ಅದೇ ಫೈಲ್‌ಗಳನ್ನು ಸ್ಟೇಜಿಂಗ್‌ಗೆ, ಸ್ಕಮ್‌ವಿಎಂಗೆ ಅಥವಾ ಸೋರ್ಸ್ ಪೋರ್ಟ್‌ಗೆ ಕೊಡಬಹುದು. ಕೈಲಿ ಏನೂ ಇಲ್ಲದವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಎಲ್ಲ ಗೇಮ್‌ಗಳೂ ಸಿಗುವುದಿಲ್ಲ ಎನ್ನುವುದು ಬೇಸರದ ಸಂಗತಿ. ಹಕ್ಕು ಯಾರದ್ದು ಅಂತ ತೀರ್ಮಾನವಾಗದೆ ಎಷ್ಟೋ ಒಳ್ಳೆಯ ಗೇಮ್‌ಗಳು ಹಾಗೇ ಮೂಲೆಗೆ ಬಿದ್ದಿವೆ.

ರೀಮಾಸ್ಟರ್‌ಗಳ, ಅಂದರೆ ಹಳೆಯ ಗೇಮ್‌ಗೆ ಹೊಸ ಚಿತ್ರ ಹಾಕಿ ಕಂಪನಿಯೇ ಮತ್ತೆ ಬಿಟ್ಟವುಗಳ, ವಿಷಯ ಬೇರೆ. ಏಜ್ ಆಫ್ ಎಂಪೈರ್ಸ್ 2ರ ಡೆಫಿನಿಟಿವ್ ಎಡಿಶನ್ 2019ರಲ್ಲಿ ಬಂತು, ಸ್ಟಾರ್‌ಕ್ರಾಫ್ಟ್ ರೀಮಾಸ್ಟರ್ಡ್ 2017ರಲ್ಲಿ. ಗೆಳೆಯರ ಜೊತೆ ಇಂಟರ್ನೆಟ್‌ನಲ್ಲಿ ಆಡಬೇಕು ಅನ್ನುವವರು ಸುಮ್ಮನೆ ಇವನ್ನೇ ತಗೊಳ್ಳಿ. ಹಳೆಯದರಲ್ಲಿ ಆ ಸುಖ ಸಿಗುವುದು ಕಷ್ಟ. ಒಬ್ಬರೇ ಕೂತು ಹಳೆಯ ನೆನಪಿನ ಗೇಮ್ ಆಡುವ ಆಸೆ ಇದ್ದರೆ ಮಾತ್ರ ಒಮ್ಮೆ ಯೋಚಿಸಿ. ಹೊಸ ಚಿತ್ರಗಳು ಚೆಂದವೇ, ಆದರೆ ನಿಮ್ಮ ನೆನಪಿನಲ್ಲಿರುವ ಚಿತ್ರ ಅದಲ್ಲ.

ಅಸಲಿ ಕಷ್ಟ: ವಿಂಡೋಸ್ 95ರಿಂದ ಎಕ್ಸ್‌ಪಿವರೆಗೆ

ಡಾಸ್ ಗೇಮ್‌ಗಿಂತ ಇವು ಹೊಸವು, ಆದ್ದರಿಂದ ಸುಲಭ ಅಂತ ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ಡಾಸ್‌ಗೆ ಡಾಸ್‌ಬಾಕ್ಸ್‌ನಂಥ ಒಂದು ಗಟ್ಟಿ ಎಮ್ಯುಲೇಟರ್, ಅಂದರೆ ಹಳೆಯ ಕಂಪ್ಯೂಟರ್ ಅನ್ನು ಅನುಕರಿಸುವ ಸಾಫ್ಟ್‌ವೇರ್, ಇದೆ. ಇವಕ್ಕೆ ಅಂಥ ಒಂದೇ ಮದ್ದು ಇಲ್ಲ. ಒಂದು ಗೇಮ್ ನೇರವಾಗಿ ಓಡುತ್ತದೆ, ಅದೇ ವರ್ಷದ ಇನ್ನೊಂದು ಕೈಕೊಡುತ್ತದೆ. ಏನು ಕೆಟ್ಟಿದೆ ಅಂತ ಗುರುತಿಸಿ, ಅದಕ್ಕೆ ತಕ್ಕದ್ದನ್ನು ಮಾಡಬೇಕು. ಒಂದು ಗೇಮ್‌ಗೆ ನಿರ್ದಿಷ್ಟವಾಗಿ ಏನು ಬೇಕು ಅಂತ ತಿಳಿಯಲು ಪಿಸಿ ಗೇಮಿಂಗ್ ವಿಕಿ ಎಂಬ ಜಾಲತಾಣ ತುಂಬಾ ನೆರವಾಗುತ್ತದೆ.

ಮೊದಲ ಕೆಲಸ, ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೆ ಇನ್‌ಸ್ಟಾಲ್ ಮಾಡಬೇಡಿ. ಈ ಕಾಲದ ಗೇಮ್‌ಗಳು ಸೇವ್ ಫೈಲ್‌ಗಳನ್ನು ತಮ್ಮದೇ ಫೋಲ್ಡರ್‌ನಲ್ಲಿ ಬರೆಯುತ್ತವೆ. ವಿಸ್ಟಾದಿಂದೀಚೆಗೆ ವಿಂಡೋಸ್ ಅಲ್ಲಿ ಸುಲಭಕ್ಕೆ ಬರೆಯಲು ಬಿಡುವುದಿಲ್ಲ. ಸಿ ಡ್ರೈವ್‌ನಲ್ಲಿ ಬೇರೆ ಒಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ.

ಆಮೇಲೆ ಕಂಪ್ಯಾಟಿಬಿಲಿಟಿ ಮೋಡ್. ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬಲ್ಲಿ ಸಿಗುತ್ತದೆ. ಇದು ಹಳೆಯ ವಿಂಡೋಸ್ ಅನ್ನು ತಂದು ಕೂರಿಸುವುದಿಲ್ಲ. "ಇದು ವಿಂಡೋಸ್ 98" ಅಂತ ಗೇಮ್‌ಗೆ ಸುಳ್ಳು ಹೇಳಿ, ಕೆಲವು ಹಳೆಯ ನಡವಳಿಕೆಗಳನ್ನು ತೋರಿಸುತ್ತದೆ ಅಷ್ಟೇ. ಆವೃತ್ತಿ ನೋಡಿ ಹಿಂದೆ ಸರಿಯುವ ಗೇಮ್‌ಗೆ ಅಷ್ಟೇ ಸಾಕು. ಮಾಡಲು ಎರಡು ನಿಮಿಷ ಸಾಕು, ಆದ್ದರಿಂದ ಮೊದಲು ಇದನ್ನೇ ನೋಡಿ. ಎಲ್ಲ ಆಯ್ಕೆಗಳನ್ನೂ ಒಟ್ಟಿಗೆ ಟಿಕ್ ಮಾಡಬೇಡಿ, ಒಂದೊಂದೇ ಹಾಕಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ.

ಗೇಮ್ ಓಡುತ್ತದೆ, ಆದರೆ ಬಣ್ಣಗಳು ಕೆಟ್ಟಿವೆ. ಹುಲ್ಲು ನೇರಳೆ, ನೀರು ಕೆಂಪು. ಮೂಲ ಏಜ್ ಆಫ್ ಎಂಪೈರ್ಸ್ 2ರಲ್ಲಿ ಇದನ್ನು ಕಂಡವರು ಬಹಳ. ಆ ಗೇಮ್‌ಗಳು ಒಮ್ಮೆಗೆ 256 ಬಣ್ಣಗಳನ್ನು ಮಾತ್ರ ಬಳಸುತ್ತಿದ್ದವು. ಆ ಬಣ್ಣಗಳ ಪಟ್ಟಿಯನ್ನು ನಡುವೆ ವಿಂಡೋಸ್‌ನ ಡೆಸ್ಕ್‌ಟಾಪ್ ಬಂದು ಬದಲಿಸಿಬಿಡುತ್ತಿತ್ತು. ಅದಕ್ಕೇ ಎಕ್ಸ್‌ಪ್ಲೋರರ್ ಮುಚ್ಚಿ ಆಡುವ ಉಪಾಯ ಒಂದು ಕಾಲದಲ್ಲಿ ಹರಡಿತ್ತು. ಈಗ ಆ ಸರ್ಕಸ್ ಬೇಡ. ಸಿಎನ್‌ಸಿ ಡಿಡ್ರಾ ಎಂಬ ಪುಟ್ಟ ಸಾಫ್ಟ್‌ವೇರ್‌ನ ಫೈಲ್‌ಗಳನ್ನು ಗೇಮ್‌ನ ಫೋಲ್ಡರ್‌ಗೆ ಕಾಪಿ ಮಾಡಿ. ಚಿತ್ರ ಬಿಡಿಸಲು ಗೇಮ್ ಬಳಸುವ ಹಳೆಯ ಡೈರೆಕ್ಟ್‌ಡ್ರಾ ಆದೇಶಗಳನ್ನು ಅದು ಇಂದಿನ ಗ್ರಾಫಿಕ್ಸ್‌ಗೆ ತಿರುಗಿಸಿಕೊಡುತ್ತದೆ. ಬಣ್ಣ ಸರಿಹೋಗುತ್ತದೆ, ಪೂರ್ತಿ ಸ್ಕ್ರೀನ್ ಬದಲು ಚಿಕ್ಕ ವಿಂಡೋದಲ್ಲೂ ಆಡಬಹುದು.

3ಡಿ ಗೇಮ್ ಆದರೆ ಡಿಜಿವೂಡೂ 2. ಈ ಕಾಲದ ಗೇಮ್‌ಗಳಿಗೆ ಒಂದೇ ಒಂದು ಉಪಕರಣ ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ. 90ರ ದಶಕದ ಕೊನೆಯಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್‌ಗಳು ಮೆರೆಯುತ್ತಿದ್ದವು. ಅವುಗಳ ಗ್ಲೈಡ್ ಭಾಷೆಯಲ್ಲೇ ಎಷ್ಟೋ ಗೇಮ್‌ಗಳನ್ನು ಬರೆದರು. ಆ ಕಂಪನಿಯೇ ಹೋಯಿತು, ಇಂದಿನ ಕಾರ್ಡ್‌ಗೆ ಗ್ಲೈಡ್ ಗೊತ್ತಿಲ್ಲ. ಡಿಜಿವೂಡೂ ಗ್ಲೈಡನ್ನೂ, ವಿಂಡೋಸ್ ಗೇಮ್‌ಗಳು ಬಳಸುವ ಹಳೆಯ ಡೈರೆಕ್ಟ್‌ಎಕ್ಸ್ ಅನ್ನೂ ಇಂದಿನ ಕಾರ್ಡ್‌ಗೆ ಗೊತ್ತಿರುವ ಡೈರೆಕ್ಟ್3ಡಿ 11 ಅಥವಾ 12ಕ್ಕೆ ಅನುವಾದಿಸುತ್ತದೆ. ಬೇಕಾದ ಡಿಎಲ್‌ಎಲ್ ಫೈಲ್‌ಗಳನ್ನು ಗೇಮ್‌ನ ಫೋಲ್ಡರ್‌ಗೆ ಹಾಕಿ, ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೆಸಲ್ಯೂಶನ್ ಆರಿಸಿ. ಹಿಡಿಸದಿದ್ದರೆ ಆ ಫೈಲ್‌ಗಳನ್ನು ಅಳಿಸಿದರೆ ಆಯಿತು, ಗೇಮ್ ಮೊದಲಿದ್ದಂತೆ ಆಗುತ್ತದೆ. ಮೂಲ ಗೇಮ್‌ನ ಫೋಲ್ಡರ್ ಒಂದನ್ನು ಬೇರೆ ಕಾಪಿ ಮಾಡಿಟ್ಟು ಈ ಕೆಲಸಕ್ಕೆ ಇಳಿಯಿರಿ.

ಎಕ್ಸ್‌ಪಿ ಕಾಲದ ಗೇಮ್ ಯಾವುದೋ ಡಿ3ಡಿಎಕ್ಸ್9 ಫೈಲ್ ಇಲ್ಲ ಅಂದರೆ ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ಪ್ಯಾಕೇಜ್ ಹಾಕಿ. ಆ ಒಂದು ಫೈಲನ್ನು ಮಾತ್ರ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳಬೇಡಿ. ನೆಟ್‌ವರ್ಕ್‌ನಲ್ಲಿ ಆಡಲು ಬಳಸುತ್ತಿದ್ದ ಡೈರೆಕ್ಟ್‌ಪ್ಲೇ ಎಂಬ ಭಾಗ ಬೇಕು ಅಂತ ಗೇಮ್ ಕೇಳಿದರೆ ಅದು ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲೇ ಇದೆ, ಟಿಕ್ ಮಾಡಿದರೆ ಸಾಕು. ಗೇಮ್ 32 ಬಿಟ್ ಆಗಿದ್ದು ಇನ್‌ಸ್ಟಾಲರ್ ಮಾತ್ರ 16 ಬಿಟ್ ಆಗಿರುವುದೂ ಉಂಟು. ಆಗ ವೈನ್‌ವಿಡಿಎಂ ಎಂಬ ಉಚಿತ ಸಾಫ್ಟ್‌ವೇರ್ ನೆರವಿಗೆ ಬರುತ್ತದೆ.

ವೇಗ ಇಲ್ಲೂ ಕಾಡುತ್ತದೆ. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಫ್ರೇಮ್ ಲಿಮಿಟರ್ ಆಫ್ ಮಾಡಿ ನೋಡಿ, ಚಿತ್ರ ನುಣುಪಾಗುತ್ತದೆ, ಆದರೆ ಈಜುವುದು ಆಮೆನಡಿಗೆಯಾಗುತ್ತದೆ. ಆಟದ ಲೆಕ್ಕಾಚಾರವೆಲ್ಲ ಫ್ರೇಮ್‌ಗಳಿಗೆ ಕಟ್ಟಿಕೊಂಡಿರುವುದೇ ಕಾರಣ. ಹಳೆಯ ಗೇಮ್ ವಿಚಿತ್ರವಾಗಿ ಆಡಿದರೆ ಮೊದಲು ಫ್ರೇಮ್‌ಗಳನ್ನು 60ಕ್ಕೋ 30ಕ್ಕೋ ಇಳಿಸಿ ನೋಡಿ.

ಒಳಗೊಂದು ಹಳೆಯ ಕಂಪ್ಯೂಟರ್

ಮೇಲಿನದು ಯಾವುದೂ ಫಲಿಸದಿದ್ದರೆ ಹಳೆಯ ವಿಂಡೋಸನ್ನೇ ಹಾಕಿಕೊಳ್ಳುವುದು ಉಳಿಯುತ್ತದೆ. ಇದರಲ್ಲಿ ಎರಡು ಬಗೆ.

ವರ್ಚುವಲ್ ಮಷೀನ್ ನಿಮ್ಮದೇ ಪ್ರೊಸೆಸರ್ ಬಳಸುತ್ತದೆ, ಆದ್ದರಿಂದ ವೇಗ. ವರ್ಚುವಲ್‌ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ ಕೂಡ 2024ರಿಂದ ಉಚಿತ. ಎಕ್ಸ್‌ಪಿ ಹಾಕಿ 2ಡಿ ಗೇಮ್, ಒಗಟಿನ ಗೇಮ್, ಮಕ್ಕಳ ಕಲಿಕೆಯ ಸಿಡಿಗಳನ್ನು ಆಡಲು ಇದು ಹೇಳಿಮಾಡಿಸಿದ್ದು. 3ಡಿ ಬೇಕಾದರೆ ವರ್ಚುವಲ್‌ಬಾಕ್ಸ್ ಬಿಟ್ಟು ವಿಎಂವೇರ್ ಆರಿಸಿ. ಎಕ್ಸ್‌ಪಿಗೆ ಇದ್ದ 3ಡಿ ಬೆಂಬಲವನ್ನು ವರ್ಚುವಲ್‌ಬಾಕ್ಸ್ 6.1ರಿಂದ ತೆಗೆದುಹಾಕಿದೆ. ವಿಂಡೋಸ್ 98ಕ್ಕೆ ಎರಡರಲ್ಲೂ ಸರಿಯಾದ ಗ್ರಾಫಿಕ್ಸ್ ಬೆಂಬಲ ಸಿಗುವುದಿಲ್ಲ. ಹಳೆಯ ವಿಂಡೋಸ್‌ನ ಲೈಸೆನ್ಸ್ ನಿಮ್ಮ ಬಳಿ ಇರಬೇಕು. ಎಕ್ಸ್‌ಪಿಗೆ 2014ರಿಂದ ಸುರಕ್ಷತಾ ಅಪ್‌ಡೇಟ್ ನಿಂತಿದೆ, ಆದ್ದರಿಂದ ಅದರ ನೆಟ್‌ವರ್ಕ್ ಆಫ್ ಮಾಡಿಯೇ ಇಡಿ.

86ಬಾಕ್ಸ್ ಇನ್ನೊಂದು ಬಗೆ. ಇದು ಮದರ್‌ಬೋರ್ಡ್‌ನಿಂದ ಹಿಡಿದು ವೂಡೂ ಕಾರ್ಡ್‌ವರೆಗೆ ಪ್ರತಿಯೊಂದು ಬಿಡಿಭಾಗವನ್ನೂ ಅನುಕರಿಸುತ್ತದೆ. 486 ಬೇಕಾ, ಪೆಂಟಿಯಂ ಬೇಕಾ, ಎಷ್ಟು ಮೆಮೊರಿ, ಯಾವ ಸೌಂಡ್ ಕಾರ್ಡ್, ಎಲ್ಲ ನೀವೇ ಆರಿಸುತ್ತೀರಿ. ಕಂಪ್ಯೂಟರ್ ಶುರುವಾಗುವಾಗ ಬಯಾಸ್ ಮೆಮೊರಿ ಎಣಿಸುವುದು ಕಣ್ಣೆದುರು ಬರುತ್ತದೆ, ಅದಾದ ಮೇಲೆ ವಿಂಡೋಸ್ 98 ಇನ್‌ಸ್ಟಾಲ್ ಮಾಡಬೇಕು, ಒಂದೊಂದೇ ಡ್ರೈವರ್ ಹಾಕಬೇಕು. ಅವತ್ತಿನದೇ ಅನುಭವ ಬೇಕು ಅನ್ನುವವರಿಗೆ ಇದಕ್ಕಿಂತ ಹತ್ತಿರದ್ದು ಬೇರೆ ಇಲ್ಲ. ಆದರೆ ಹೊಸ, ವೇಗದ ಪ್ರೊಸೆಸರ್ ಇದ್ದರೂ ಪೆಂಟಿಯಂ 2 ಅನುಕರಿಸುವಾಗ ಅದು ಏದುಸಿರು ಬಿಡುತ್ತದೆ. ಒಂದು ಗೇಮ್ ಆಡುವುದಕ್ಕಾಗಿ ಇಷ್ಟೆಲ್ಲ ಮಾಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಆ ಕಾಲದ ಹತ್ತಾರು ಗೇಮ್‌ಗಳನ್ನು ಒಂದೇ ಕಡೆ ಜೋಡಿಸಿಟ್ಟುಕೊಳ್ಳುವ ಹವ್ಯಾಸಿಗೆ ಮಾತ್ರ ಈ ಶ್ರಮ ದಕ್ಕುತ್ತದೆ.

ನಿಜವಾದ ಹಳೆಯ ಪಿಸಿಯನ್ನೇ ಹುಡುಕಿ ತರುವವರೂ ಇದ್ದಾರೆ. ಕೆಪಾಸಿಟರ್ ಉಬ್ಬುವುದು, ಮದರ್‌ಬೋರ್ಡ್‌ನ ಬ್ಯಾಟರಿ ಸೋರುವುದು, ಹಾರ್ಡ್ ಡಿಸ್ಕ್ ಸಾಯುವುದು, ಇವೆಲ್ಲ ಜೊತೆಗೇ ಬರುತ್ತವೆ. ರಿಪೇರಿಯೂ ನಿಮಗೆ ಇಷ್ಟದ ಕೆಲಸವಾದರೆ ಮಾತ್ರ ಕೈಹಾಕಿ.

ವಿಂಡೋಸ್ ಅಲ್ಲದವರಿಗೆ

ಲಿನಕ್ಸ್ ಬಳಸುವವರು ಈ ವಿಷಯದಲ್ಲಿ ಪುಣ್ಯವಂತರು. ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುವ ವೈನ್ ಎಂಬ ಸಾಫ್ಟ್‌ವೇರ್ 1993ರಿಂದ ಬೆಳೆಯುತ್ತಾ ಬಂದಿದೆ. 64 ಬಿಟ್ ವಿಂಡೋಸ್ ಕೈಬಿಟ್ಟ 16 ಬಿಟ್‌ನ ವಿಂಡೋಸ್ ಪ್ರೋಗ್ರಾಂಗಳನ್ನೂ ಅದು ಓಡಿಸಬಲ್ಲದು. ಅದರ ಮೇಲೇ ಕಟ್ಟಿದ, 2018ರಲ್ಲಿ ಸ್ಟೀಮ್‌ಗೆ ಬಂದ ಪ್ರೋಟಾನ್‌ನಿಂದ ಕೆಲಸ ಇನ್ನೂ ಸಲೀಸಾಗಿದೆ. 90ರ ದಶಕದ ಕೊನೆಯ ಕೆಲವು ಗೇಮ್‌ಗಳು ವಿಂಡೋಸ್ 11ಕ್ಕಿಂತ ವೈನ್‌ನಲ್ಲೇ ಚೆನ್ನಾಗಿ ಓಡುತ್ತವೆ. ಮ್ಯಾಕ್‌ನವರಿಗೆ ಸ್ವಲ್ಪ ಕಷ್ಟ. 2019ರ ಕ್ಯಾಟಲೀನಾದಿಂದ 32 ಬಿಟ್ ಪ್ರೋಗ್ರಾಂಗಳು ಓಡುವುದೇ ಇಲ್ಲ. ಅವರಿಗೆ ಡಾಸ್‌ಬಾಕ್ಸ್, ಸ್ಕಮ್‌ವಿಎಂ, ಸೋರ್ಸ್ ಪೋರ್ಟ್ ಈ ಮೂರೇ ಭರವಸೆಯ ದಾರಿಗಳು. ವಿಂಡೋಸ್ ಗೇಮ್ ಬೇಕೇಬೇಕು ಅಂದರೆ ದುಡ್ಡು ಕೊಟ್ಟು ವೈನ್ ಮೇಲೇ ಕಟ್ಟಿದ ಕ್ರಾಸ್‌ಓವರ್ ಕೊಳ್ಳಬಹುದು. ಅದಕ್ಕೂ ಮೊದಲು ಅದರ ಟ್ರಯಲ್‌ನಲ್ಲಿ ನಿಮ್ಮ ಗೇಮ್ ಓಡುತ್ತದಾ ನೋಡಿಕೊಳ್ಳಿ.

ಹಾಗಾದರೆ ನೀವು?

ಕೈಲಿ ಗೇಮ್ ಇಲ್ಲ, ಸಮಯವೂ ಕಡಿಮೆ ಅಂದರೆ ಗಾಗ್‌ನಲ್ಲಿ ಹುಡುಕಿ, ಸಿಕ್ಕರೆ ಕೊಳ್ಳಿ. ಡಾಸ್ ಗೇಮ್‌ನ ಫೋಲ್ಡರ್ ಇದ್ದರೆ ಮೊದಲು ಸ್ಕಮ್‌ವಿಎಂ ಅಥವಾ ಸೋರ್ಸ್ ಪೋರ್ಟ್ ಇದೆಯಾ ನೋಡಿ, ಇಲ್ಲದಿದ್ದರೆ ಸ್ಟೇಜಿಂಗ್. ವಿಂಡೋಸ್ 95ರಿಂದ ಎಕ್ಸ್‌ಪಿವರೆಗಿನದು ಆದರೆ ಕಂಪ್ಯಾಟಿಬಿಲಿಟಿ ಮೋಡ್, ಆಮೇಲೆ ಸಿಎನ್‌ಸಿ ಡಿಡ್ರಾ ಅಥವಾ ಡಿಜಿವೂಡೂ, ಅದಕ್ಕೂ ಬಗ್ಗದಿದ್ದರೆ ಎಕ್ಸ್‌ಪಿಯ ವರ್ಚುವಲ್ ಮಷೀನ್. ಹಳೆಯ, ನಿಧಾನದ ಲ್ಯಾಪ್‌ಟಾಪ್ ಇದ್ದವರು 86ಬಾಕ್ಸ್ ಕಡೆ ಹೋಗದಿರುವುದೇ ಒಳ್ಳೆಯದು.

ಮೂಲ ಸಿಡಿ ಇರುವವರು ಬೇರೇನು ಮಾಡುವ ಮೊದಲೂ ಅದರ ಇಮೇಜ್, ಅಂದರೆ ಇಡೀ ಸಿಡಿಯ ಪ್ರತಿಯನ್ನು ಫೈಲ್ ರೂಪದಲ್ಲಿ, ತೆಗೆದಿಡಿ. ಇದರಲ್ಲಿ ಒಂದು ಎಚ್ಚರ ಬೇಕು. ಆ ಕಾಲದ ಎಷ್ಟೋ ಗೇಮ್‌ಗಳ ಸಂಗೀತ ಫೈಲ್ ಆಗಿರಲಿಲ್ಲ, ಹಾಡಿನ ಸಿಡಿಯಲ್ಲಿರುವ ಹಾಗೆ ಆಡಿಯೋ ಟ್ರ್ಯಾಕ್ ಆಗಿರುತ್ತಿತ್ತು. 1996ರ ಕ್ವೇಕ್ ಹಾಗೇ ಇತ್ತು. ಬರೀ ಫೈಲ್‌ಗಳನ್ನು ಕಾಪಿ ಮಾಡಿದರೆ, ಅಥವಾ ಐಎಸ್‌ಒ ಇಮೇಜ್ ತೆಗೆದರೆ ಗೇಮ್ ಓಡುತ್ತದೆ, ಸಂಗೀತ ಮಾತ್ರ ಇರುವುದಿಲ್ಲ. ಬಿನ್ ಮತ್ತು ಕ್ಯೂ ಎಂಬ ಫೈಲ್‌ಗಳ ಜೋಡಿಯಾಗಿ ಇಮೇಜ್ ತೆಗೆದರೆ ಗೇಮ್, ಸಂಗೀತ ಎರಡೂ ಉಳಿಯುತ್ತವೆ. ಡಾಸ್‌ಬಾಕ್ಸ್‌ಗೂ ಅದನ್ನೇ ಕೊಡಬಹುದು.

ಸಿಡಿಯಲ್ಲಿ ಸೇಫ್‌ಡಿಸ್ಕ್ ಎಂಬ ಕಾಪಿ ಪ್ರೊಟೆಕ್ಷನ್ ಇದ್ದರೆ ಮಾತ್ರ ವಿಷಯ ಬೇರೆ. ಅದರ ಡ್ರೈವರ್‌ನಿಂದ ಸುರಕ್ಷತೆಗೆ ಅಪಾಯ ಇದೆ ಅಂತ ವಿಂಡೋಸ್ 10 ಬಂದ 2015ರಲ್ಲೇ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಮೂಲ ಸಿಡಿ ಡ್ರೈವ್‌ನಲ್ಲೇ ಇದ್ದರೂ ಗೇಮ್ ಶುರುವಾಗುವುದಿಲ್ಲ. ಆಗ ಕಂಪನಿಯೇ ಬಿಟ್ಟ ಕೊನೆಯ ಪ್ಯಾಚ್‌ನಲ್ಲಿ ಆ ತಪಾಸಣೆ ತೆಗೆದಿದ್ದಾರಾ ನೋಡಿ, ಕೆಲವು ಗೇಮ್‌ಗಳಲ್ಲಿ ತೆಗೆದಿರುತ್ತಾರೆ. ಇಲ್ಲದಿದ್ದರೆ ಗೊತ್ತಿಲ್ಲದ ಜಾಲತಾಣದಿಂದ ಕ್ರ್ಯಾಕ್ ತಂದು ಹಾಕುವುದಕ್ಕಿಂತ ಆ ಒಂದು ಗೇಮನ್ನು ಮತ್ತೊಮ್ಮೆ ಕೊಳ್ಳುವುದೇ ಮೇಲು. ಎಲ್ಲೂ ಮಾರುತ್ತಿಲ್ಲ ಅಂದರೆ ಎಕ್ಸ್‌ಪಿಯ ವರ್ಚುವಲ್ ಮಷೀನ್‌ಗೆ ನಿಮ್ಮ ಸಿಡಿ ಡ್ರೈವನ್ನೇ ಜೋಡಿಸಿಕೊಟ್ಟು ನೋಡಿ.